ಅಣ್ಣ ಬರೋಕೆ 38 ಗಂಟೆ: ಹೈಪರ್‌ಸಾನಿಕ್ ವಿಮಾನ ಇದ್ದಿದ್ರೆ?

ಅಪ್ಪ ಹೋದದ್ದು ಬೆಳಗಿನ ಜಾವ 4 ಗಂಟೆಗೆ, ಮೈಸೂರಿನ ಆಸ್ಪತ್ರೆಯಲ್ಲಿ. ಅಣ್ಣ ಇರೋದು ಕ್ಯಾಲಿಫೋರ್ನಿಯಾದಲ್ಲಿ. ಟಿ. ನರಸೀಪುರದ ನಮ್ಮನೆ ಜಗಲಿ ಮೇಲೆ ಕೂತು ದೊಡ್ಡಪ್ಪ ಕೇಳಿದ್ದು ಒಂದೇ ಮಾತು: “ಮಗ ಎಷ್ಟೊತ್ತಿಗೆ ಬರ್ತಾನವ್ವ?”

“ನಾಳೆ ಸಂಜೆ” ಅಂದೆ.

“ಅಷ್ಟೊತ್ತು ಇಡಕ್ಕಾಗಲ್ಲ ಕಣವ್ವ.”

ಮಧ್ಯಾಹ್ನ ಒಂದು ಗಂಟೆಗೆ ಸಂಸ್ಕಾರ ಮುಗೀತು. ಅಣ್ಣ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಕುರ್ಚಿಯಲ್ಲಿ ಕೂತು ವಿಡಿಯೋ ಕಾಲ್‌ನಲ್ಲಿ ನೋಡಿದ. ಮಾರನೇ ದಿನ ಸಂಜೆ ಬಂದವನಿಗೆ ಸಿಕ್ಕಿದ್ದು ಸಂಗಮದಲ್ಲಿ ಅಸ್ಥಿ ಬಿಡುವ ಕೆಲಸ ಮಾತ್ರ.

ನಾನು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಕೆಲಸ ಮಾಡ್ತೀನಿ. ದಿನಾ ನರಸೀಪುರದಿಂದ ಬಸ್ಸು. ಹೈಪರ್‌ಸಾನಿಕ್ ವಿಮಾನದ ಬಗ್ಗೆ ಮೊಬೈಲಲ್ಲಿ ಹುಡುಕಿ ಹುಡುಕಿ ಓದೋ ಚಟ ಆ ಬಸ್ಸಲ್ಲೇ ಹತ್ತಿದ್ದು, ಅಪ್ಪ ಹೋದ ಮೇಲೆ.

ಲೆಕ್ಕ ಹಾಕಿ ನೋಡಿದೆ

ಶಬ್ದದ ವೇಗಕ್ಕಿಂತ ಐದು ಪಟ್ಟು ಅಥವಾ ಅದಕ್ಕೂ ಹೆಚ್ಚು ಅಂದ್ರೆ ಹೈಪರ್‌ಸಾನಿಕ್. ಎತ್ತರದ ತಣ್ಣನೆ ಗಾಳಿಯಲ್ಲಿ ಅದು ಗಂಟೆಗೆ ಸುಮಾರು 5,300 ಕಿ.ಮೀ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 14,000 ಕಿ.ಮೀ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತವರ ಮಹಿಳಾ ಪೈಲಟ್ ತಂಡ ಉತ್ತರ ಧ್ರುವದ ಮೇಲಿಂದ ಹಾರಿ ಈ ದೂರವನ್ನು ಎಲ್ಲೂ ನಿಲ್ಲದೆ ದಾಟಿದಾಗ ಸುಮಾರು 17 ಗಂಟೆ ಹಿಡಿದಿತ್ತು. ಹೈಪರ್‌ಸಾನಿಕ್ ಆದರೆ ಏರಿಳಿಯೋ ಹೊತ್ತು ಸೇರಿ ನಾಲ್ಕು ಗಂಟೆ ಅಂದ್ಕೊಳ್ಳಿ.

ಅಣ್ಣನ 38 ಗಂಟೆ ಹೀಗಿತ್ತು: ರಜೆ, ಟಿಕೆಟ್ ಅಂತ 6. ನಿಲ್ದಾಣ ತಲುಪಿ ಕಾದಿದ್ದು 4. ಎರಡು ವಿಮಾನದಲ್ಲಿ 20, ನಡುವೆ ಕಾಯೋದು 3. ಬೆಂಗಳೂರಲ್ಲಿ ಇಳಿದು ಊರು ಸೇರೋಕೆ 5. ಆ 23 ಗಂಟೆಯ ಜಾಗದಲ್ಲಿ 4 ಹಾಕಿದರೆ ಒಟ್ಟು 19. ಅಂದ್ರೆ ಅವತ್ತೇ ರಾತ್ರಿ 11ಕ್ಕೆ ಮನೆಯಲ್ಲಿ ಇರ್ತಿದ್ದ. ಬೆಳಗಿನವರೆಗೆ ದೊಡ್ಡಪ್ಪನೂ ಕಾಯ್ತಿದ್ರು.

ಹಾಗಾಗಿ “ಅಷ್ಟು ಅವಸರ ಯಾರಿಗೆ ಬೇಕು?” ಅಂತ ಯಾರಾದ್ರೂ ಕೇಳಿದ್ರೆ ನನಗೆ ಸಿಟ್ಟು ಬರುತ್ತೆ.

ಹಾಗಿದ್ರೆ ಯಾಕೆ ಬಂದಿಲ್ಲ?

ಮೊದಲನೇ ಕಷ್ಟ ಎಂಜಿನ್‌ದು. ಈ ವೇಗಕ್ಕೆ ಬೇಕಾದ್ದು ಸ್ಕ್ರಾಮ್‌ಜೆಟ್. ಇದರಲ್ಲಿ ತಿರುಗೋ ಚಕ್ರಗಳಿಲ್ಲ. ಶಬ್ದಕ್ಕಿಂತ ಜೋರಾಗಿ ನುಗ್ಗೋ ಗಾಳಿಯಲ್ಲೇ ಇಂಧನ ಉರಿಯಬೇಕು. ಬಿರುಗಾಳಿಯಲ್ಲಿ ದೀಪ ಆರದಂತೆ ನೋಡ್ಕೊಂಡ ಹಾಗೆ. ನಿಂತಲ್ಲಿಂದ ಇದು ಶುರುವಾಗಲ್ಲ, ಬೇರೆ ಎಂಜಿನ್ನೋ ರಾಕೆಟ್ಟೋ ಮೊದಲು ವೇಗ ಕೊಡಬೇಕು. 2016ರ ಆಗಸ್ಟ್ 28ರಂದು ಶ್ರೀಹರಿಕೋಟಾದಿಂದ ಇಸ್ರೋ ಹಾರಿಸಿದ ಸ್ಕ್ರಾಮ್‌ಜೆಟ್ ಉರಿದದ್ದು 5 ಸೆಕೆಂಡು. 2020ರ ಸೆಪ್ಟೆಂಬರ್ 7ರಂದು ಡಿಆರ್‌ಡಿಒದ ಪರೀಕ್ಷಾ ವಾಹನದಲ್ಲಿ 20 ಸೆಕೆಂಡಿಗಿಂತ ಹೆಚ್ಚು. 2025ರ ಏಪ್ರಿಲ್‌ನಲ್ಲಿ ಹೈದರಾಬಾದಿನಲ್ಲಿ, ನೆಲದ ಮೇಲಿನ ಪರೀಕ್ಷೆಯಲ್ಲಿ, 1,000 ಸೆಕೆಂಡು ದಾಟ್ತು. ಆದರೆ ಈ ಡಿಆರ್‌ಡಿಒ ಕೆಲಸದ ಗುರಿ ಕ್ಷಿಪಣಿ, ಪ್ರಯಾಣಿಕರಲ್ಲ.

ಎರಡನೇದು ಬಿಸಿ. ಈ ವೇಗದಲ್ಲಿ ವಿಮಾನದ ಮೂತಿಗೆ ಬಡಿಯೋ ಗಾಳಿ 1,000 ಡಿಗ್ರಿ ಹತ್ತಿರ ಕಾಯುತ್ತೆ. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆ 660 ಡಿಗ್ರಿಗೇ ಕರಗಿಹೋಗುತ್ತೆ!

ಮೂರನೇದು ಸದ್ದು. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಲ್ಲಿದ್ದೋರಿಗೆ ನೆನಪಿರಬೇಕು: ಲಾಕ್‌ಡೌನ್ ಮಧ್ಯೆ ಢಂ ಅಂತ ಸದ್ದು, ಕಿಟಕಿಗಳೆಲ್ಲ ಅದುರಿದ್ದು. ವಾಯುಪಡೆಯ ವಿಮಾನ ಶಬ್ದಕ್ಕಿಂತ ವೇಗವಾಗಿ ಹಾರಿದ್ದರ ಸದ್ದು ಅಂತ ಆಮೇಲೆ ಗೊತ್ತಾಯ್ತು. ದಿನಕ್ಕೆ ಹತ್ತು ಸಲ ಹೀಗಾದ್ರೆ ಯಾವ ಊರು ಸುಮ್ಮನಿರುತ್ತೆ?

ಕೊನೆಗೆ ದುಡ್ಡು. 1976ರಿಂದ 2003ರವರೆಗೆ ಹಾರಿದ ಕಾಂಕಾರ್ಡ್ ಶಬ್ದದ ಎರಡು ಪಟ್ಟು ವೇಗದಲ್ಲಿ ಲಂಡನ್‌ನಿಂದ ನ್ಯೂಯಾರ್ಕಿಗೆ ಮೂರೂವರೆ ಗಂಟೆಯಲ್ಲಿ ಹೋಗ್ತಿತ್ತು. ಸುಮಾರು ನೂರು ಸೀಟು, ಕುಡಿಯೋ ಇಂಧನ ವಿಪರೀತ. ಉಳ್ಳವರ ವಿಮಾನವಾಗೇ ಉಳಿದು ನಿಂತುಹೋಯ್ತು. ಈಗ ಅಮೆರಿಕದ ಬೂಮ್ ಕಂಪನಿ ಮಾಡ್ತಿರೋ ಓವರ್ಚರ್ ಕೂಡ 1.7 ಪಟ್ಟು ಮಾತ್ರ. ಐದು ಪಟ್ಟಿನ ಪ್ರಯಾಣಿಕ ವಿಮಾನ ಇನ್ನೂ ನಕ್ಷೆಗಳಲ್ಲೇ ಇದೆ.

ಅಮ್ಮನ ಪ್ರಶ್ನೆ

ಇದನ್ನೆಲ್ಲ ಒಂದು ಭಾನುವಾರ ಅಮ್ಮನಿಗೆ ಹೇಳಿದೆ. ಅವರೆಕಾಯಿ ಸುಲೀತಾ ಪೂರ್ತಿ ಕೇಳಿಸ್ಕೊಂಡ್ರು. “ನಾನಿರೋವಷ್ಟರಲ್ಲಿ ಬರುತ್ತಾ ಅದು?”

ಅಮ್ಮನಿಗೀಗ 61. ಬಂದೀತು ಅಂತ ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ.

“ಹಾಗಾದ್ರೆ ಅವನಿಗೆ ಹೇಳು, ನಾನು ಹೋದಾಗ ಓಡಿ ಬರೋದು ಬೇಡ. ಇದ್ದಾಗ ನಿಧಾನವಾಗೇ ಬರ್ಲಿ.”

ಅದನ್ನ ಹಾಗೇ ಅಣ್ಣನಿಗೆ ವಾಟ್ಸಾಪ್ ಮಾಡಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬಂದಿದ್ದು ಟಿಕೆಟ್‌ನ ಫೋಟೋ: ಸಂಕ್ರಾಂತಿಗೆ, ನಾಲ್ವರಿಗೂ. ಒಂದು ಕಡೆ ವಿಮಾನ ಬದಲಿಸಬೇಕು, ಒಟ್ಟು 23 ಗಂಟೆ.

ಅಮ್ಮ ಈಗಲೇ ಎಳ್ಳು-ಬೆಲ್ಲದ ಡಬ್ಬಿ ತೊಳೆದು ಒಣಗಿಸಿದ್ದಾರೆ.