ಕೌದಿ ಯಾಕೆ ಬಿರುಸಾಗುತ್ತದೆ?

ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಕೌದಿ ಇದೆ ಅಲ್ಲವೇ? ನಮ್ಮ ಧಾರವಾಡ, ಗದಗ, ಬಾಗಲಕೋಟೆ ಕಡೆ ಕೌದಿ ಇಲ್ಲದ ಮನೆ ಕಡಿಮೆ. ಹಳೆಯ ಸೀರೆ, ಹಳೆಯ ಧೋತರ ಒಂದರ ಮೇಲೊಂದು ಹಾಸುತ್ತೇವೆ. ಮೇಲೆ ಬಣ್ಣ ಬಣ್ಣದ ತುಂಡು ಇಡುತ್ತೇವೆ. ಸಾಲು ಸಾಲಾಗಿ ಕೈಯಿಂದ ಹೊಲಿಯುತ್ತೇವೆ. ಇದನ್ನು ನಾನು ನಿಮಗೆ ಕಲಿಸಬೇಕಿಲ್ಲ. ಅಕ್ಷರ ನಾನು ಕಲಿಸಿರಬಹುದು, ಕೌದಿ ನನಗಿಂತ ನಿಮಗೇ ಚೆನ್ನಾಗಿ ಬರುತ್ತದೆ. ಆದರೆ ಕೆಲವು ಕೌದಿಗಳು ಹಲಗೆಯ ಹಾಗೆ ಬಿರುಸಾಗುತ್ತವೆ. ಅದು ಯಾಕೆ? ನಮ್ಮ ಅವ್ವ ನನಗೆ ಹೇಳಿದ್ದನ್ನು ನಿಮಗೆ ಹೇಳುತ್ತೇನೆ.

ಅವ್ವನಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಹಾಸಿಗೆ ಹಿಡಿದಳು. ನಾನು ಆಸೆಪಟ್ಟು ಅವಳಿಗೆ ಒಂದು ಕೌದಿ ಹೊಲಿದೆ. ಸಂತೆಯಿಂದ ಹೊಸ ಬಟ್ಟೆ ತಂದೆ. ತೊಳೆಯದೆ ಹಾಗೇ ಮೇಲೆ ಹಾಕಿದೆ. ದಪ್ಪ ಇರಲಿ ಅಂತ ಏಳು ಪದರ ಇಟ್ಟೆ. ಗಟ್ಟಿ ಆಗಲಿ ಅಂತ ಸಾಲುಗಳನ್ನು ಒತ್ತೊತ್ತಾಗಿ ಹೊಲಿದೆ, ದಾರ ಬಿಗಿಯಾಗಿ ಎಳೆದೆ.

ಎಂಟು ದಿನಕ್ಕೆ ಅವ್ವನ ಬೆನ್ನು ಕೆಂಪಾಯಿತು. ನರ್ಸಮ್ಮ ಬಂದು ಕೆಂಪು ಜಾಗವನ್ನು ಬೆರಳಿನಿಂದ ಒತ್ತಿ ನೋಡಿದರು. ಬೆರಳು ತೆಗೆದರು. ಕೆಂಪು ಹಾಗೇ ಇತ್ತು.

"ಹುಣ್ಣು ಆಗೋದು ಹಿಂಗ ಶುರು ಆಗ್ತದ. ಎರಡೆರಡು ತಾಸಿಗೆ ಮಗ್ಗಲು ಬದಲಿಸ್ರಿ. ಕೆಳಗ ಏನು ಹಾಸೀರಿ, ಅದನ್ನೂ ಸ್ವಲ್ಪ ನೋಡ್ರಿ" ಅಂದರು.

ಅವ್ವ ಬಲಗೈಯಿಂದ ಕೌದಿ ಸವರಿದಳು. "ಇದು ಕೌದಿ ಅಲ್ಲ ನನ್ನವ್ವಾ, ಹಲಗಿ ಐತಿ. ತೊಗೊಂಡು ಬಿಚ್ಚು" ಅಂದಳು.

ನನಗೆ ಅಳು ಬಂತು. ತಿಂಗಳುಗಟ್ಟಲೆ ಹೊಲಿದದ್ದು ಅದು. ಆದರೆ ಮಲಗುವವಳು ಅವಳು, ನಾನಲ್ಲ.

ಅವ್ವ ಮಲಗಿದಲ್ಲಿಂದಲೇ ನನ್ನ ತಪ್ಪುಗಳನ್ನು ಎಣಿಸಿದಳು. ಮೊದಲನೆಯದು ಹೊಸ ಬಟ್ಟೆ. ಮಗ್ಗದ ಮೇಲೆ ನೂಲು ಹರಿಯಬಾರದು ಅಂತ ನೂಲಿಗೆ ಗಂಜಿ ಹಾಕಿರುತ್ತಾರೆ. ಆ ಗಂಜಿ ಬಟ್ಟೆಯಲ್ಲೇ ಉಳಿದಿರುತ್ತದೆ. ಹೊಸ ಬಟ್ಟೆಯನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ಒಗೆಯಬೇಕು. ಇನ್ನೊಂದು ಮಾತೂ ಇದೆ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹಳೆಯ ಸೀರೆ ಆಗಲೇ ಕುಗ್ಗಿರುತ್ತದೆ. ತೊಳೆಯದೆ ಎರಡನ್ನೂ ಕೂಡಿಸಿ ಹೊಲಿದರೆ ಆಮೇಲೆ ಕೌದಿ ತುಂಬ ಸುಕ್ಕು, ಏಣು ಬರುತ್ತವೆ. ಮಲಗಿದವರ ಮೈಗೆ ಆ ಏಣು ಒತ್ತುತ್ತವೆ.

ಎರಡನೆಯದು ಹೊಲಿಗೆ. ನನ್ನ ಕೌದಿ ಕೆಟ್ಟದ್ದು ಹೆಚ್ಚಾಗಿ ಇದರಿಂದಲೇ. ಕೌದಿಯ ಪದರಗಳು ಒಳಗೆ ಸ್ವಲ್ಪ ಸರಿದಾಡಬೇಕು. ಆಗ ಅದು ಮೈಗೆ ಬಾಗುತ್ತದೆ. ಒಂದೊಂದು ಹೊಲಿಗೆಯೂ ಪದರಗಳಿಗೆ ಹೊಡೆದ ಮೊಳೆ ಇದ್ದ ಹಾಗೆ. ಮೊಳೆ ಹೆಚ್ಚಾದರೆ ಏಳು ಪದರ ಸೇರಿ ಒಂದೇ ದಪ್ಪ ಬಟ್ಟೆ ಆಗುತ್ತದೆ. ಸಾಲಿನಿಂದ ಸಾಲಿಗೆ ಒಂದು ಬೆರಳಿನಷ್ಟು ಜಾಗ ಬಿಡಿ. ಹತ್ತಿ ದಾರ ಬಳಸಿ. ನಾಲ್ಕು ಹೊಲಿಗೆ ಹಾಕಿದ ಮೇಲೆ ಹೆಬ್ಬೆರಳಿನಿಂದ ಬಟ್ಟೆ ನೀವಿ, ಸುಕ್ಕು ಬಿಡಿಸಿ. ದಾರದ ಗಂಟನ್ನು ಪದರದ ಒಳಗೆ ಸೇರಿಸಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರೂ ಚಂದದ ಕೌದಿ ಹೊಲಿಯುತ್ತಾರೆ. ಅವರು ಮೂಲೆಯಿಂದ ಶುರು ಮಾಡುತ್ತಾರೆ. ಅಂಚಿನ ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮುಕ್ಕೋನದ ತುಂಡು ಮಡಚಿ ಇಡುತ್ತಾರೆ. ಅವರ ಮಾತಿನಲ್ಲಿ ಅದು ಹೂವು. ನೀವೂ ಹಾಗೆ ಸುತ್ತ ಹೊಲಿಯುವವರಾದರೆ ಬಟ್ಟೆ ನಡುವೆ ಬಂದು ಉಬ್ಬದ ಹಾಗೆ ನೋಡಿಕೊಳ್ಳಿ.

ಪದರಕ್ಕೆ ಹಳೆಯ ಹತ್ತಿ ಸೀರೆಯೇ ಒಳ್ಳೆಯದು. ಹಾಸಲು ನಾಲ್ಕು ಪದರ ಸಾಕು. ಇನ್ನೂ ದಪ್ಪ ಬೇಕೇ? ಎರಡು ತೆಳು ಕೌದಿ ಹೊಲಿದು ಒಂದರ ಮೇಲೊಂದು ಹಾಸಿ. ಒಗೆಯಲೂ ಹಗುರ. ಪಾಲಿಸ್ಟರ್ ಸೀರೆ ಬೆವರು ಹೀರುವುದಿಲ್ಲ. ಜರಿ ಅಂಚು ಮೈ ಕೆರೆಯುತ್ತದೆ, ಕತ್ತರಿಸಿ ತೆಗೆಯಿರಿ. ಅಂದಕ್ಕೆ ಬೇಕೇ ಬೇಕು ಅಂದರೆ ಕಾಲಿನ ಕಡೆ ಇಡಿ.

ಇನ್ನು ಒಗೆಯುವ ಮಾತು. ನಮ್ಮೂರಲ್ಲಿ ಬೋರಿನ ನೀರು ಸವಳು. ಸವಳು ನೀರಿಗೆ ಸಾಬೂನು ಹಾಕಿದರೆ ನೊರೆ ಬರುವುದಿಲ್ಲ, ಬಿಳಿ ಗಷ್ಟು ಬರುತ್ತದೆ. ಆ ಗಷ್ಟು ಪದರಗಳ ನಡುವೆ ಕೂತು ಒಣಗುತ್ತದೆ. ಬಿರುಸು ಹೆಚ್ಚಾಗುತ್ತದೆ. ನಾವು ಬಿರುಸಾಯಿತು ಅಂತ ಮತ್ತೂ ಸಾಬೂನು ಹಚ್ಚುತ್ತೇವೆ! ಸಾಬೂನು ಕಡಿಮೆ ಮಾಡಿ. ಜಾಲಿಸುವುದನ್ನು ಹೆಚ್ಚು ಮಾಡಿ. ಹಿಂಡಿದ ನೀರು ತಿಳಿಯಾಗುವ ತನಕ ಜಾಲಿಸಬೇಕು. ಮಳೆ ನೀರು ಹಿಡಿದಿಟ್ಟಿದ್ದರೆ ಕೊನೆಯ ಸಲ ಅದರಲ್ಲಿ ಅದ್ದಿ. ಬಟ್ಟೆ ಮೆತ್ತಗಾಗಲು ಅಂಗಡಿಯಲ್ಲಿ ಒಂದು ನೀರೌಷಧಿಯಂಥದ್ದು ಸಿಗುತ್ತದೆ. ಅದು ನೂಲಿಗೆ ಜಿಡ್ಡಿನಂತೆ ಅಂಟುತ್ತದೆ. ಕೈಗೆ ಮೆತ್ತಗೆ ಅನಿಸುತ್ತದೆ, ಆದರೆ ಬಟ್ಟೆ ನೀರು ಹೀರುವುದು ಕಡಿಮೆಯಾಗುತ್ತದೆ. ಮಲಗಿಕೊಂಡೇ ಇರುವವರ ಹಾಸಿಗೆಗೆ ಅದು ಬೇಡ.

ನನ್ನ ಕೌದಿಯನ್ನು ಬಿಸಾಡಲಿಲ್ಲ. ಎರಡು ದಿನ ಬರೀ ನೀರಿನಲ್ಲಿ ನೆನೆಹಾಕಿದೆ. ಮೂರು ಸಲ ನೀರು ಬದಲಿಸಿದೆ. ಕಲ್ಲಿಗೆ ಬಡಿಯಲಿಲ್ಲ, ಕಾಲಿನಿಂದ ತುಳಿದೆ. ಹಳೆಯ ಬಟ್ಟೆ ಬಡಿದರೆ ಹರಿಯುತ್ತದೆ. ನೀರು ಇಳಿಯಲು ಹೊರಸಿನ ಮೇಲೆ ಹರವಿದೆ. ಅರ್ಧ ಒಣಗಿದಾಗ ನಾನೂ ಪಕ್ಕದ ಮನೆಯ ವೈನಿಯೂ ನಾಲ್ಕು ತುದಿ ಹಿಡಿದು ಜಾಡಿಸಿದೆವು. ಅಲುಗಾಡದೆ ಒಣಗಿದ ಬಟ್ಟೆಯಲ್ಲಿ ಎಳೆಗೆ ಎಳೆ ಅಂಟಿಕೊಳ್ಳುತ್ತದೆ. ಜಾಡಿಸಿದರೆ ಬಿಡಿಸಿಕೊಳ್ಳುತ್ತದೆ. ಆಮೇಲೆ ಮಗುಚಿ ಹಾಕಿ ಒಳಗಿನ ಪದರದ ತನಕ ಪೂರ್ತಿ ಒಣಗಿಸಿದೆ. ಒಳಗೆ ಹಸಿ ಉಳಿದರೆ ಮುಗ್ಗಲು ವಾಸನೆ ಬರುತ್ತದೆ.

ಅಷ್ಟಾದರೂ ಸ್ವಲ್ಪ ಬಿರುಸು ಉಳಿಯಿತು. ಆಗ ಅವ್ವ ಹೇಳಿದಂತೆ ಒಂದು ಸಾಲು ಬಿಟ್ಟು ಒಂದು ಸಾಲು ಬಿಚ್ಚಿದೆ. ಅವ್ವ ಮಲಗಿಕೊಂಡೇ ಬಲಗೈಯಿಂದ ದಾರ ಎಳೆದು ಕೊಡುತ್ತಿದ್ದಳು. ನಾಲ್ಕು ಸಂಜೆ ಹಿಡಿಯಿತು.

ಮಗ್ಗಲು ಬದಲಿಸುವುದನ್ನು ನಾವು ಬಿಡಲಿಲ್ಲ. ಕೌದಿ ಎಷ್ಟು ಮೆತ್ತಗಿದ್ದರೂ ಅದು ತಪ್ಪಬಾರದು ಅಂತ ನರ್ಸಮ್ಮ ಮತ್ತೆ ಮತ್ತೆ ಹೇಳಿದ್ದರು. ಬೆನ್ನಿನ ಕೆಂಪು ಇಳಿಯಿತು. ಹುಣ್ಣು ಆಗಲಿಲ್ಲ.

ಆ ಕೌದಿ ಈಗಲೂ ನಮ್ಮ ಮನೆಯಲ್ಲಿದೆ. ಬಿಚ್ಚಿದ ಸಾಲಿನ ಸೂಜಿ ತೂತುಗಳು ಇನ್ನೂ ಕಾಣುತ್ತವೆ.