ಬ್ಯಾಂಕಿನ ಮೇಜಿನಿಂದ ಜನರ ಬಯಲಿಗೆ: ಹಾಡುಗಾರ ಗದ್ದರ್

ತಿಂಗಳು ತಿಂಗಳೂ ತಪ್ಪದೆ ಬರುವ ಸಂಬಳದ ಬೆಲೆ ಏನೆಂಬುದನ್ನು ನಮ್ಮ ವಾಚಕರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಹೋಟೆಲಿನ ಗಲ್ಲಾದ ಮುಂದೆಯೋ ಕಛೇರಿಯ ಕಡತಗಳ ನಡುವೆಯೋ ದುಡಿದು ಊರಿಗೆ ಹಣ ಕಳುಹಿಸುವವರು ಅದನ್ನು ಚೆನ್ನಾಗಿ ಬಲ್ಲರು. ಅಂತಹ ನೌಕರಿಯನ್ನು, ಅದರಲ್ಲಿಯೂ ಬ್ಯಾಂಕಿನ ನೌಕರಿಯನ್ನು, ಹಾಡಿಗೋಸ್ಕರ ತೊರೆದ ಒಬ್ಬರು ಇದೇ ಹೈದರಾಬಾದಿನಲ್ಲಿ ಬಾಳಿದರು. ಅವರೇ 2023ರ ಆಗಸ್ಟ್ 6ರಂದು ತೀರಿಕೊಂಡ ತೆಲುಗಿನ ಜನಪದ ಗಾಯಕ ಹಾಗೂ ಕವಿ ಗದ್ದರ್.

ಅವರ ಹುಟ್ಟುಹೆಸರು ಗುಮ್ಮಡಿ ವಿಠ್ಠಲ ರಾವ್. ಹುಟ್ಟೂರು ಮೇದಕ್ ಸೀಮೆಯ ತೂಪ್ರಾನ್. ಬಡ ದಲಿತ ಕುಟುಂಬದ ಈ ಹುಡುಗ ನಗರಕ್ಕೆ ಬಂದು ಇಂಜಿನಿಯರಿಂಗ್ ವ್ಯಾಸಂಗಕ್ಕೆ ಸೇರಿದರೂ, ಮನಸ್ಸು ನಿಂತದ್ದು ಬುರ್ರಕಥೆಯ ಮೇಲೆ. 1970ರ ದಶಕದ ಆರಂಭದಲ್ಲಿ ಚಿತ್ರನಿರ್ಮಾಪಕ ಬಿ. ನರಸಿಂಗ ರಾವ್ ಅವರ ಕಲಾಬಳಗದ ಸಹವಾಸ ದೊರೆಯಿತು. 1972ರಲ್ಲಿ ಜನನಾಟ್ಯ ಮಂಡಲಿ ರೂಪುಗೊಂಡಿತು. ಬ್ರಿಟಿಷರ ವಿರುದ್ಧ ಹೋರಾಡಿದ ಗದರ್ ಪಕ್ಷದ ಹೆಸರೇ ಇವರಿಗೆ ಕಾವ್ಯನಾಮವಾಯಿತು.

1975ರಲ್ಲಿ ಅವರು ಗುಮಾಸ್ತರಾಗಿ ಸೇರಿದ್ದು ಕೆನರಾ ಬ್ಯಾಂಕಿಗೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಸ್ಥಾಪಿಸಿದ, ನಮ್ಮ ನಾಡಿನ ಸಂಸ್ಥೆಗೆ. ಹಗಲು ಲೆಕ್ಕದ ಪುಸ್ತಕ, ಇರುಳು ಹಾಡು ಎಂಬ ಎರಡು ದೋಣಿಯ ಪ್ರಯಾಣ ಬಹುಕಾಲ ಸಾಗಲಿಲ್ಲ. 1984ರಲ್ಲಿ ರಾಜೀನಾಮೆಯಿತ್ತು ಹೊರಬಂದರು.

ಅವರ ಹಾಡುಗಾರಿಕೆಯ ಗುಟ್ಟು ಸರಳವಾದುದು. ಧಾಟಿ ಹಳ್ಳಿಗರದು, ಮಾತು ಅಂದಿನ ಕಷ್ಟದ್ದು. ಹೊಲದ ಕೆಲಸದಲ್ಲಿ ಜನ ಹಾಡಿಕೊಳ್ಳುತ್ತಿದ್ದ ಮಟ್ಟಿಗೆ ಕೂಲಿಯ, ಜಮೀನಿನ, ಜಾತಿಯ ನೋವನ್ನು ಅವರು ಪದವಾಗಿ ಕೂಡಿಸುತ್ತಿದ್ದರು. ಉಟ್ಟ ಪಂಚೆ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕಾಲಲ್ಲಿ ಗೆಜ್ಜೆ. ಇಷ್ಟೇ ಅವರ ರಂಗಸಜ್ಜಿಕೆ. ನಡುವೆ ಹಾಡು ನಿಲ್ಲಿಸಿ ಮಾತನಾಡುವರು, ನಗಿಸುವರು, ಮತ್ತೆ ಪಲ್ಲವಿಗೆ ಹೊರಳುವರು. ನಮ್ಮ ಗೀಗೀ ಮೇಳದ ಹಿಮ್ಮೇಳದಂತೆ ಸಭೆಯೇ ಆ ಪಲ್ಲವಿಯನ್ನು ಎತ್ತಿಕೊಳ್ಳುತ್ತಿತ್ತು. ತೆಲಂಗಾಣದ ರೈತಹೋರಾಟವನ್ನು ಕುರಿತ 1979ರ 'ಮಾ ಭೂಮಿ' ಚಿತ್ರದಲ್ಲಿ ಅವರು ಹಾಡಿ ಮನೆಮಾತಾದ ಗೀತೆ ಮೂಲತಃ ಬಂಡಿ ಯಾದಗಿರಿಯವರದು. ಒಬ್ಬರ ಪದ ಇನ್ನೊಬ್ಬರ ಕಂಠದಲ್ಲಿ ಬೆಳೆಯುವುದು ಜನಪದದ ಧರ್ಮವೇ ಅಲ್ಲವೆ?

ಈ ಹಾಡಿಗೆ ಅವರು ತೆತ್ತ ಬೆಲೆ ಸಂಬಳವೊಂದೇ ಅಲ್ಲ. ನಕ್ಸಲೀಯ ಚಳವಳಿಯ ನಂಟಿನಿಂದಾಗಿ 1985ರಿಂದ 1990ರವರೆಗೆ ಭೂಗತರಾಗಿರಬೇಕಾಯಿತು. ಹೊರಬಂದಾಗ ನಿಜಾಮ್ ಕಾಲೇಜಿನ ಮೈದಾನದಲ್ಲಿ ಜನಸಾಗರವೇ ನೆರೆಯಿತು. 1997ರ ಏಪ್ರಿಲ್ 6ರಂದು ಅಪರಿಚಿತರು ಅವರ ಮೇಲೆ ಗುಂಡು ಹಾರಿಸಿದರು. ಒಂದು ಗುಂಡು ಕೊನೆಯವರೆಗೂ ಬೆನ್ನಿನಲ್ಲಿಯೇ ಉಳಿಯಿತು. ಚಲನಚಿತ್ರ ಗೀತೆಯೊಂದಕ್ಕೆ ಸರ್ಕಾರ ಕೊಡಹೋದ ನಂದಿ ಪ್ರಶಸ್ತಿಯನ್ನು ಅವರು ನಿರಾಕರಿಸಿದ್ದರು. ಮುಂದೆ ಪ್ರತ್ಯೇಕ ತೆಲಂಗಾಣದ ಚಳವಳಿಗೆ ಅವರ ಕಂಠವೇ ಕಹಳೆಯಾಯಿತು.

ಅವರು ಹಿಡಿದ ಮಾರ್ಗವನ್ನು ಎಲ್ಲರೂ ಒಪ್ಪಬೇಕೆಂದು ನಾವು ಹೇಳುವುದಿಲ್ಲ. ಕಾಲಾನಂತರದಲ್ಲಿ ಅವರೇ ದಾರಿ ಬದಲಿಸಿ, 2018ರಲ್ಲಿ ಮೊದಲ ಬಾರಿಗೆ ಮತ ಚಲಾಯಿಸಿದರು. ಒಂದು ಕಾಲಕ್ಕೆ ಅವರನ್ನು ಹುಡುಕಿಸುತ್ತಿದ್ದ ಸರ್ಕಾರವೇ ಕೊನೆಗೆ ಸಕಲ ಮರ್ಯಾದೆಗಳೊಡನೆ ಅಲ್ವಾಲಿನಲ್ಲಿ, ಅವರು ಸ್ಥಾಪಿಸಿದ ಶಾಲೆಯ ಅಂಗಳದಲ್ಲಿ ಮಣ್ಣುಮಾಡಿತು. ಅವರು ಬೇಡವೆಂದ ನಂದಿ ಪ್ರಶಸ್ತಿಯ ಸ್ಥಾನದಲ್ಲಿ ತೆಲಂಗಾಣ ಸರ್ಕಾರ 2025ರಲ್ಲಿ ಚಲನಚಿತ್ರಗಳಿಗೆ ಕೊಟ್ಟದ್ದು ಗದ್ದರ್ ಹೆಸರಿನ ಪ್ರಶಸ್ತಿಯನ್ನೇ. ವಿಧಿಯ ವಿನೋದವೆಂದರೆ ಇದು.

ನಮ್ಮಲ್ಲಿ ಎಲ್ಲರೂ ನೌಕರಿ ಬಿಡಲಾರರು, ಬಿಡಬೇಕಾದುದೂ ಇಲ್ಲ. ಮನೆಯ ಹೊಣೆ ಹೊತ್ತು ದುಡಿಯುವುದೂ ಒಂದು ವ್ರತವೇ. ಆದರೆ ಊರು ಬಿಡುವಾಗ ಸೋಬಾನೆ, ಕೋಲಾಟ, ಲಾವಣಿಗಳನ್ನು ಕಂಠದಲ್ಲಿ ಹೊತ್ತು ತಂದ ಎಷ್ಟೋ ಮಂದಿ ನಮ್ಮ ಹೋಟೆಲುಗಳ ಒಲೆಯ ಮುಂದೆ ಮೌನವಾಗಿ ನಿಂತಿದ್ದಾರೆ. ತಾಯಂದಿರಿಂದ ಕಲಿತ ಆ ಧಾಟಿಗಳಲ್ಲಿ ನಮ್ಮ ಇಂದಿನ ಸುಖದುಃಖಗಳಿಗೂ ಎಡೆಯುಂಟು. ವಾರದ ರಜೆಯ ಸಂಜೆ ನಾಲ್ವರು ಕೂಡಿ ಕುಳಿತರೆ, ಹಾಡಲು ಸಂಕೋಚವೇಕೆ?