ಪೆಟ್ಟಿಗೆಯಲ್ಲಿರುವುದು ಯಾವ ಹುಳ? ರೆಕ್ಕೆ ನೋಡಿ ಹೇಳಿ!

ಜೇನುಪೆಟ್ಟಿಗೆ ಮಾರಲು ಬಂದವರು ಯಾರಾದರೂ ‘‘ಇದು ಕ್ರಾಸ್ ಹುಳ ಕಣಣ್ಣಾ, ಇಟಲಿಗೂ ತುಡುವೆಗೂ ಕೂಡಿಸಿದ್ದು. ತುಪ್ಪಾನೂ ಜಾಸ್ತಿ, ಕಾಯಿಲೇನೂ ಇಲ್ಲ’’ ಎಂದರೆ ನಂಜನಗೂಡು, ತಿ. ನರಸೀಪುರದ ಕಡೆಯ ರೈತ ನಂಬಿಬಿಟ್ಟಾನು. ಅವನ ತಪ್ಪೇನಿಲ್ಲ. ಕೊಟ್ಟಿಗೆಯಲ್ಲಿ ಕ್ರಾಸ್ ಹಸು ಕಟ್ಟಿದ್ದಾನೆ. ಹಿಪ್ಪುನೇರಳೆ ಇಟ್ಟವನಾದರೆ ಮೈಸೂರು ತಳಿಗೂ ದ್ವಿತಳಿಗೂ ಹುಟ್ಟಿದ ಸಿ.ಬಿ. ಗೂಡನ್ನು ಚಂದ್ರಿಕೆಯಿಂದ ಬಿಡಿಸಿದ್ದಾನೆ. ಹಸುವಿಗೆ, ರೇಷ್ಮೆಗೆ ಆಗುವುದು ಜೇನಿಗೆ ಯಾಕಾಗಬಾರದು?

ಆಗುವುದಿಲ್ಲ, ಅಷ್ಟೇ. ನಮ್ಮ ತುಡುವೆಯೂ ಪರದೇಶದ ಇಟಲಿ ಜೇನೂ ಕಣ್ಣಿಗೆ ಅಣ್ಣ ತಮ್ಮಂದಿರಂತೆ ಕಂಡರೂ ಜಾತಿಯೇ ಬೇರೆ. ಒಂದರ ರಾಣಿ ಇನ್ನೊಂದರ ಗಂಡುಹುಳದ ಜತೆ ಕೂಡಿದರೂ ಆ ಕೂಟದ ಮೊಟ್ಟೆ ಹುಳವಾಗದು. ‘ಕ್ರಾಸ್’ ಪೆಟ್ಟಿಗೆಯಲ್ಲಿ ಇರುವುದು ಒಂದೋ ಇದು, ಇಲ್ಲವೇ ಅದು.

ಯಾವುದು ಅನ್ನೋದೇ ದುಡ್ಡಿನ ಪ್ರಶ್ನೆ. ಇಟಲಿ ಹುಳವನ್ನು 1962ರಲ್ಲಿ ಹಿಮಾಚಲದ ನಗ್ರೋಟಾದಲ್ಲಿ ನೆಲೆಗೊಳಿಸಿದ ಮೇಲೆ ಅದು ದೇಶದೆಲ್ಲೆಡೆ ಹಬ್ಬಿತು. ತುಪ್ಪ ಹೆಚ್ಚು, ನಿಜ. ಆದರೆ ಹೂವಿಲ್ಲದ ಕಾಲಕ್ಕೆ ಸಕ್ಕರೆ ಪಾಕ ಇಡಬೇಕು, ಹೂವಿರುವ ಕಡೆಗೆ ಪೆಟ್ಟಿಗೆ ಹೊತ್ತು ತಿರುಗಬೇಕು, ವರ್ರೋವಾ ನುಸಿಯ ಕಾಟ ಬೇರೆ. ಹತ್ತು ತೆಂಗಿನಮರದ ಕೆಳಗಿಟ್ಟು ಮರೆತರೆ ಪೆಟ್ಟಿಗೆ ಖಾಲಿ! ತುಡುವೆ ಆ ನುಸಿಯನ್ನು ತಾನೇ ಕಿತ್ತೆಸೆಯುತ್ತದೆ. ಅದಕ್ಕೆ ಶತ್ರು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್. 1991-92ರಲ್ಲಿ ಕಾಣಿಸಿಕೊಂಡ ಆ ರೋಗ ದಕ್ಷಿಣ ಭಾರತದ ತುಡುವೆ ಗೂಡುಗಳಲ್ಲಿ ಶೇ. 90ಕ್ಕೂ ಹೆಚ್ಚನ್ನು ಬರಿದು ಮಾಡಿತ್ತು.

ಬಣ್ಣ ನೋಡಿ ಹೇಳುತ್ತೇವೆ ಅನ್ನುವವರುಂಟು. ಬಣ್ಣ ಮೋಸ ಮಾಡುತ್ತದೆ. ಎಳೆ ಹುಳದ ಬಣ್ಣ ಒಂದು, ಮುದಿ ಹುಳದ್ದು ಇನ್ನೊಂದು. ಚಳಿಯಲ್ಲಿ ಹುಟ್ಟಿದ್ದು ಕಪ್ಪಗಿರುತ್ತದೆ. ರೆಕ್ಕೆ ಹಾಗಲ್ಲ. ರೆಕ್ಕೆ ಬಂದ ದಿನ ಇದ್ದ ನರಗಳ ಗೆರೆಯೇ ಸಾಯುವ ತನಕ.

ನೋಡುವುದು ಕಷ್ಟವಿಲ್ಲ. ಪೆಟ್ಟಿಗೆ ಬಾಗಿಲ ಮುಂದೆ ಸತ್ತುಬಿದ್ದ ಹುಳದ ರೆಕ್ಕೆ ಬಿಡಿಸಿ, ಎರಡು ಗಾಜಿನ ನಡುವೆ ಇಟ್ಟು ಭೂತಗನ್ನಡಿ ಹಿಡಿಯಬೇಕು. ಹಿಂದಿನ ಸಣ್ಣ ರೆಕ್ಕೆಯಲ್ಲಿ ಅಡ್ಡನರ ಬಂದು ಸೇರಿದ ಮೇಲೂ ಒಂದು ತುಂಡು ನರ ಅಂಚಿನ ಕಡೆಗೆ ಮುಂದುವರಿದಿದ್ದರೆ ಅದು ತುಡುವೆ. ಅಲ್ಲಿಗೇ ನಿಂತಿದ್ದರೆ ಇಟಲಿ. ಮುಂದಿನ ರೆಕ್ಕೆಯ ಉದ್ದ ಇಟಲಿಗೆ ಸುಮಾರು 9 ಮಿ.ಮೀ., ತುಡುವೆಗೆ 7ರಿಂದ 8.

ಇನ್ನೊಂದು ಲೆಕ್ಕವೂ ಇದೆ. ಮುಂದಿನ ರೆಕ್ಕೆಯ ಒಂದು ಕೋಣೆಯ ಕೆಳಗೋಡೆಗೆ ಬೇರೊಂದು ನರ ಬಂದು ತಾಗಿ, ಅದನ್ನು ಉದ್ದ, ಗಿಡ್ಡ ಎರಡು ತುಂಡು ಮಾಡುತ್ತದೆ. ಉದ್ದವನ್ನು ಗಿಡ್ಡದಿಂದ ಭಾಗಿಸಿದರೆ ಇಟಲಿಯಲ್ಲಿ ಸುಮಾರು ಎರಡೂವರೆ, ತುಡುವೆಯಲ್ಲಿ ಸಾಮಾನ್ಯವಾಗಿ ಮೂರರ ಮೇಲೆ. ಇದಕ್ಕೆ ಒಂದು ಹುಳ ಸಾಲದು. ರಾಣಿಯಮ್ಮ ಹಲವು ಗಂಡುಹುಳಗಳನ್ನು ಕೂಡಿರುತ್ತಾಳೆ. ಒಂದೇ ಗೂಡಿನ ಮಕ್ಕಳಿಗೆ ಅಪ್ಪಂದಿರು ಅನೇಕ! ಹತ್ತಿಪ್ಪತ್ತು ರೆಕ್ಕೆ ಅಳೆದು ಸರಾಸರಿ ತೆಗೆಯಬೇಕು. ಈಗ ರೆಕ್ಕೆಯ ಚಿತ್ರದಲ್ಲಿ ನರಗಳು ಕೂಡುವ 19 ಜಾಗ ಗುರುತಿಸಿದರೆ ಕಂಪ್ಯೂಟರೇ ಆಕಾರ ಹೋಲಿಸಿ ಹೇಳುತ್ತದೆ. ಪೋಲೆಂಡಿನ ಆಡಂ ತೋಫಿಲ್ಸ್ಕಿ ಅದಕ್ಕೆಂದೇ ಪ್ರೋಗ್ರಾಂ ಮಾಡಿದ್ದಾರೆ.

ಇಟಲಿ ವ್ಯಾಜ್ಯ ಇಷ್ಟಕ್ಕೆ ತೀರಿತು. ತೊಡಕಿರುವುದು ತುಡುವೆ ತುಡುವೆಗಳ ನಡುವೆ. ಬಯಲಿನದು ಹಳದಿ, ಮಲೆಯದು ಕಪ್ಪು. ಕಾವೇರಿ ಹುಟ್ಟುವ ಕೊಡಗು, ಕಪಿಲೆ ಹುಟ್ಟುವ ವಯನಾಡು ಎರಡೂ ಕಪ್ಪು ಹುಳದ ಸೀಮೆ. ಹೊಳೆಗಳೇನೋ ತಿರುಮಕೂಡಲಲ್ಲಿ ಬೆರೆಯುತ್ತವೆ. ಹುಳ ಬೆರೆಯುತ್ತವೆಯೇ? ಅಷ್ಟು ಸುಲಭವಾಗಿ ಬೆರೆಯುತ್ತಿಲ್ಲ ಎಂಬುದಕ್ಕೆ ಪುರಾವೆ ಇದೆಯೆಂದು ಬೆಂಗಳೂರು ವಿಶ್ವವಿದ್ಯಾನಿಲಯ ಮತ್ತು ಆಸ್ಟ್ರೇಲಿಯದ ವಿಜ್ಞಾನಿಗಳು 2006ರಲ್ಲಿ ಬರೆದರು. 2022ರಲ್ಲಿ ಕೇರಳದ ಶಾನಸ್ ಮತ್ತು ಸಂಗಡಿಗರು ರೆಕ್ಕೆಯ ನರಗಳನ್ನು ಅಳೆದು, ಕಪ್ಪು ಹುಳ ಬೇರೆಯೇ ಜಾತಿ ಎಂದು ‘ಏಪಿಸ್ ಕರಿಂಜೊಡಿಯನ್’ ಹೆಸರಿಟ್ಟರು. ಬಯಲಿನ ಹುಳಕ್ಕೆ 1798ರಲ್ಲೇ ಫ್ಯಾಬ್ರಿಸಿಯಸ್ ಇಟ್ಟ ‘ಇಂಡಿಕಾ’ ಹೆಸರಿದೆ. ಬೇರೆ ಜಾತಿಯೋ, ಒಂದೇ ಜಾತಿಯ ಎರಡು ಬಣ್ಣವೋ ಎಂಬ ಚರ್ಚೆ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ.

ಕೊಳ್ಳುವ ರೈತ ಅದು ಮುಗಿಯುವ ತನಕ ಕಾಯಬೇಕಾಗಿಲ್ಲ. ಒಣಗಿದ ರೆಕ್ಕೆ ಕಾಗದದ ಲಕೋಟೆಯಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ‘ಕ್ರಾಸ್’ ಎಂದವನಿಗೆ ‘‘ಬಾಗಿಲ ಮುಂದೆ ಬಿದ್ದಿರೋ ಹುಳದಲ್ಲಿ ಒಂದ್ಹತ್ತು ಆರಿಸಿಕೊಡಪ್ಪಾ, ದುಡ್ಡು ನಾಳೆ’’ ಅಂದರೆ ಆಯಿತು.